ಅಮ್ಮನ ಎಡಗೈ

ಸಾಸಿವೆ ಸೀದ ವಾಸನೆ ಎಲ್ಲಿಂದ ಬಂದರೂ ನಾನು ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ನನ್ನದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಅಡುಗೆಮನೆಯದು. ಈಗ ಅಲ್ಲಿ ಬಾಗಿಲೂ ಉಳಿದಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು; ಬಲಗೈ ಮತ್ತೆ ಏಳಲಿಲ್ಲ, ಮಾತು ತೊದಲಾಯಿತು. ಸಾಸಿವೆ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಎಡಗೈಯಲ್ಲಿ ಮುಚ್ಚಳ ತೆಗೆಯುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ನಮ್ಮ ಮನೆಯ ಸಾರಿಗೆ ಸೀದ ಒಗ್ಗರಣೆಯದೇ ರುಚಿ. ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಅವಳು ನನ್ನ ಜಡೆ ಕಟ್ಟುವಾಗ ಕುತ್ತಿಗೆಗೆ ಬಿಸಿ ಉಸಿರು ತಾಗುತ್ತಿತ್ತು.

ಆ ವರ್ಷ ಗೌರಿ ಹಬ್ಬಕ್ಕೆ ಅಪ್ಪನ ಅಕ್ಕ, ಶಿವಮೊಗ್ಗದ ವಿನೋಬನಗರದಲ್ಲಿದ್ದ ಅತ್ತೆ, ತವರಿಗೆಂದು ನಮ್ಮ ಮನೆಗೆ ಬಂದರು. ಅಮ್ಮ ಬಾಗಿನದ ಮೊರವನ್ನು ಎಡ ತೋಳಿನ ಮೇಲೆ ಇಟ್ಟುಕೊಂಡು, ಸೆರಗು ಮುಚ್ಚಿ, ಅವರ ಮುಂದೆ ನಿಂತಳು. "ಎಡಗೈಯಲ್ಲಿ ಬಾಗಿನ ಕೊಡ್ತಾರೇನೆ ಮಾರಾಯ್ತಿ? ಪಕ್ಕದ ಮನೆಯವರ ಕೈಲಿ ಕೊಡ್ಸು" ಎಂದರು ಅತ್ತೆ. ಅಮ್ಮ ಏನೋ ಹೇಳಹೋದಳು, ಮಾತು ಬಾಯಲ್ಲೇ ಮುದ್ದೆಯಾಯಿತು. "ಪಾಪ, ಅವಳಿಗೇನು ತಿಳಿಯುತ್ತೆ" ಎಂದು ಅತ್ತೆ ಅವಳ ಎದುರಿಗೇ ಅಪ್ಪನಿಗೆ ಹೇಳಿದರು. ಅವಳಿಗೆ ಎಲ್ಲವೂ ತಿಳಿಯುತ್ತಿತ್ತು! ಅಪ್ಪ ಎದ್ದು ಪಕ್ಕದ ಮನೆಯವರನ್ನು ಕರೆಯಲು ಹೋದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಪಕ್ಕದ ಮನೆಯವರೇ ಬಂದು ಬಾಗಿನ ಕೊಟ್ಟರು. ಅಂದಿನಿಂದ ಅಮ್ಮ ಮನೆಗೆ ಬಂದ ಯಾರಿಗೂ ಕುಂಕುಮ ಕೊಡಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಹೋದ ವರ್ಷ, ಅಪ್ಪ ನಿವೃತ್ತರಾದ ಮೇಲೆ ಸೇರಿದ ಶಿವಮೊಗ್ಗದ ಆಲ್ಕೊಳದ ಮನೆಯಲ್ಲಿ, ಅಮ್ಮ ತೀರಿಕೊಂಡಳು. ಗಂಡನಿಗಿಂತ ಮೊದಲು ಹೋದವಳ ಕೈಯಿಂದ ಕುಂಕುಮ ಇಡಿಸಿಕೊಂಡರೆ ತಮಗೂ ಮುತ್ತೈದೆ ಸಾವು ಬರುತ್ತದೆಂಬುದು ನಮ್ಮವರ ನಂಬಿಕೆ. "ಪುಣ್ಯವಂತೆ, ಪುಣ್ಯವಂತೆ" ಎನ್ನುತ್ತ ಹೆಂಗಸರು ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಅತ್ತೆ! ಇಷ್ಟು ವರ್ಷ ಜೋತುಬಿದ್ದಿದ್ದ ಬಲಗೈಯನ್ನು ಎತ್ತಿ, ಬೆರಳನ್ನು ಕುಂಕುಮಕ್ಕೆ ಅದ್ದಹೊರಟರು. ಬದುಕಿದ್ದಾಗ ಬೇಡವಾದವಳು ಸತ್ತಮೇಲೆ ಬೇಕಾದಳು.

"ಆ ಕೈ ಬಿಡಿ ಅತ್ತೆ. ಕುಂಕುಮ ಬೇಕಿದ್ರೆ ಎಡಗೈ ಹಿಡೀರಿ. ಈ ಮನೆ ನಡೆಸಿದ್ದು ಅದು" ಎಂದೆ.

ಅತ್ತೆ ಅಪ್ಪನ ಮುಖ ನೋಡಿದರು. ಅಪ್ಪ ಮುಖ ಆಚೆ ತಿರುಗಿಸಿದರು. ಅತ್ತೆ ಆ ಕೈ ಬಿಟ್ಟು, ಕುಂಕುಮ ಇಡಿಸಿಕೊಳ್ಳದೆಯೇ ಹಿಂದೆ ಸರಿದರು. ನಾನು ಅಮ್ಮನ ಎಡಗೈ ಬೆರಳನ್ನು ಕುಂಕುಮಕ್ಕೆ ಅದ್ದಿ ನನ್ನ ಹಣೆಗೆ ಇಡಿಸಿಕೊಂಡೆ. ಬೆರಳು ತಣ್ಣಗಿತ್ತು. ಅದರ ತುಂಬ ಒಗ್ಗರಣೆ ಸಿಡಿದ ಕಲೆಗಳಿದ್ದವು.