ಅರಿವೆ ಕಟ್ಟದ ಮುಖ

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಾಕೆಯ ಹಟಕ್ಕೆ ನಾನು ರೋಸಿಹೋಗಿದ್ದೆ. ಹಣೆಯಿಂದ ಗದ್ದದವರೆಗೆ ಆಕೆಯ ಮುಖದ ತುಂಬ ದಟ್ಟ ಕೂದಲು, ತಾಯಿಯಿಂದ ಬಂದದ್ದು. ಬೋಳಿಸಿಕೋ ಎಂದರೆ ಕೇಳಳು. ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರೆಲ್ಲ ಘಾಟಿಗೆ ಹೆದರಿ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಅರಿವೆ ಕಟ್ಟಿಕೊಂಡರೆ, ಈಕೆಯೊಬ್ಬಳು ಬರೀ ಮುಖದಲ್ಲಿ ಕೂತು ಸೀನುತ್ತ, "ನನಗ ದೇವ್ರೇ ಅರಿವಿ ಕಟ್ಟಿ ಕಳಿಸ್ಯಾನ ಬಿಡ್ರಿ" ಎನ್ನುತ್ತಿದ್ದಳು. ಎಷ್ಟು ಸಲ ಕೇಳುವುದು ಅದನ್ನೇ!

1990ರ ಆಸುಪಾಸಿನಲ್ಲಿ ಆಕೆಯ ಮಗಳನ್ನು ನೋಡಲು ಹಲಗೇರಿಯ ಗಂಡಿನ ಕಡೆಯವರನ್ನು ನಾನೇ ಕರೆತಂದೆ. ಮಗಳ ಮುಖ ನುಣುಪಾಗಿಯೇ ಇತ್ತು. ತಾಯಿಗೆ ಮಾತ್ರ ಮೊದಲೇ ಕೈಮುಗಿದು ಹೇಳಿದ್ದೆ: "ಇವತ್ತೊಂದಿನ ಅರಿವಿ ಕಟ್ಕೋ ಮಾರಾಯ್ತಿ. ಕೆಲಸದಿಂದ ಹಂಗ ಬಂದಾಳ ಅಂತೀನಿ." ನಮ್ಮೂರಿನಲ್ಲಿ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಕಟ್ಟಿಕೊಂಡೇ ಬಂದಳು. ಎಲ್ಲರಿಗೂ ಚಹಾ ಕೊಟ್ಟಳು. ಅವರು ಕಪ್ ಎತ್ತುವಷ್ಟರಲ್ಲಿ ಅರಿವೆಯ ಗಂಟು ಬಿಚ್ಚಿಬಿಟ್ಟಳು!

"ನಮ್ಮವ್ವಗಿತ್ತು, ನನಗೈತಿ. ಮಗಳಿಗೆ ಬಂದಿಲ್ಲ. ಮೊಮ್ಮಕ್ಕಳಿಗೆ ಬಂದ್ರೂ ಬರಬಹುದು. ನಡೀತೈತಿ ಅಂದ್ರ ಚಹಾ ಕುಡೀರಿ."

ಎತ್ತಿದ ಕಪ್‌ಗಳು ಹಾಗೆಯೇ ಕೆಳಗಿಳಿದವು. ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದುಹೋದರು.

ನಾನು ಕೂಗಾಡಿದೆ: "ಅರ್ಧಾ ತಾಸು ತಡ್ಕೊಳ್ಳಾಕ ಏನಾಗಿತ್ತು ನಿನಗ?"

ಆಕೆ ತುಂಬಿದ ಕಪ್‌ಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸುತ್ತ ಅಂದಳು: "ಚಹಾ ಬಿಟ್ಟು ಹೋದ್ರು, ಹೋಗ್ಲಿ. ನಾಳೆ ಕೂಸು ಬಿಟ್ಟು ಹೋಗಿದ್ರ?"