ತೋಡಾರಿನಲ್ಲಿ ಇಳಿದದ್ದು

ಮೊನ್ನೆ ಆಧಾರ್ ಕಾರ್ಡಿನ ಪ್ರತಿ ಮಾಡಿಸಲು ಮೂಡುಬಿದಿರೆಯ ಒಂದು ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಬಂದ ಹಾಳೆ ಕೈಗೆ ಸಿಕ್ಕಾಗ ಇನ್ನೂ ಬೆಚ್ಚಗಿತ್ತು. ಬಿಸಿ ಕಾಗದದ ಆ ವಾಸನೆ ಮೂಗಿಗೆ ಬಡಿದದ್ದೇ, ಶಿರ್ತಾಡಿಯ ನಮ್ಮ ಜೆರಾಕ್ಸಿನವರು ಎದುರಿಗೇ ನಿಂತ ಹಾಗಾಯಿತು...

ಶಾಲೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ನಾನು ಅವರಲ್ಲೇ ಮಾಡಿಸುತ್ತಿದ್ದೆ. ಅವರ ಕೈಕಾಲು ಕಡ್ಡಿಯ ಹಾಗೆ, ಹೊಟ್ಟೆ ಮಾತ್ರ ಮುಂದಕ್ಕೆ. "ಎಷ್ಟು ತಿಂಗಳಾಯ್ತು ಮಾರಾಯ್ರೇ?" ಎಂದು ನಾವು ಕೇಳುವುದು, "ಅವಳಿ ಮಾಷ್ಟ್ರೇ, ಸ್ವಲ್ಪ ತಡ ಉಂಟು" ಎಂದು ಅವರು ನಗುವುದು. ಒಳಗಿದ್ದದ್ದು ಏನೆಂದು ನನಗೆ ಗೊತ್ತಾದದ್ದು ಆಮೇಲೆ. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು, ಒಂದೊಂದು ಕಿಡ್ನಿಯೂ ಹಲಸಿನ ಗುಜ್ಜೆಯಷ್ಟು ದೊಡ್ಡದಾಗಿತ್ತಂತೆ. ತಂದೆಯಿಂದ ಬಂದ ಕಾಯಿಲೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೆಂಡತಿ ತನ್ನದೊಂದನ್ನು ಕೊಡಲು ತಯಾರಿದ್ದರು, ಪರೀಕ್ಷೆಯಲ್ಲಿ ಹೊಂದಿಕೆಯೂ ಆಗಿತ್ತು. ಆದರೆ ಹೊಸದನ್ನು ಇಡಲಿಕ್ಕೆ ಜಾಗ ಎಲ್ಲಿ? ಕೀವಾಗುವ ಆ ಹಳೆಯ ಎರಡನ್ನೂ ಮೊದಲು ತೆಗೆಯಬೇಕು, ಅದು ಗುಣವಾದ ಮೇಲೆ ಕಸಿ ಎಂದರು ಡಾಕ್ಟರು. ಅದಕ್ಕೆ ರಕ್ತ ಕೈಯಲ್ಲಿರಬೇಕು. ಅವರದ್ದು ಓ ನೆಗೆಟಿವ್.

ನನ್ನದೂ ಅದೇ. ಅದು ಅವರಿಗೆ ಗೊತ್ತಾದದ್ದು ನನ್ನ ಜಂಬದಿಂದ. ಯುವಕ ಮಂಡಲದ ರಕ್ತದಾನ ಶಿಬಿರದಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಿ, ಕೈಗೊಂದು ಚೆಂಡು ಕೊಟ್ಟು, ಮೊದಲು ಫೋಟೋ ತೆಗೆದರು. ನಮ್ಮಲ್ಲಿ ಎಲ್ಲದಕ್ಕೂ ಫೋಟೋ ಮೊದಲು. ಸೂಜಿ ಹತ್ತಿರ ಬಂದಾಗ ತಲೆ ತಿರುಗುತ್ತದೆಂದು ಎದ್ದು ಬಂದೆ. ಫೋಟೋ ಏಳಲಿಲ್ಲ. ಪೇಪರಿನಲ್ಲಿ ಬಂತು, ಅಪರೂಪದ ಗುಂಪಿನ ದಾನಿ ಎಂದು. ಜೆರಾಕ್ಸಿನವರು ಅದನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿಗೆ ಅಂಟಿಸಿದರು. ನಾನು ಬೇಡ ಎನ್ನಲಿಲ್ಲ. ಸ್ವಲ್ಪ ಓರೆಯಾಗಿದೆ ಎಂದು ಸರಿ ಮಾಡಿಸಿದೆ.

"ಆಪರೇಷನ್ ಶುಕ್ರವಾರ. ನೀವು ಗುರುವಾರ ಬಂದು ಕೊಟ್ಟು ಹೋಗ್ತೀರಾ? ನಿಮಗೆ ಅಭ್ಯಾಸ ಉಂಟಲ್ಲ," ಎಂದು ಜೆರಾಕ್ಸಿನವರು ಆಸ್ಪತ್ರೆಯಿಂದ ಫೋನು ಮಾಡಿ ಕೇಳಿದರು.

"ಅದನ್ನೂ ಕೇಳ್ಲಿಕ್ಕುಂಟಾ? ಬರ್ತೇನೆ."

ಆಮೇಲೆ ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು, ರಕ್ತ ಕೊಟ್ಟವರಿಗೆ ಏನೇನು ಆಗಬಹುದು ಎಂದು. ಎರಡೂ ಕಿಡ್ನಿ ತೆಗೆಸಿಕೊಳ್ಳುವವರು ಆಸ್ಪತ್ರೆಯಲ್ಲಿ ನೆಮ್ಮದಿಯಿಂದ ಮಲಗಿದ್ದರು. ಒಂದು ಬಾಟ್ಲಿ ರಕ್ತ ಕೊಡಬೇಕಾದವನಿಗೆ ಊಟ ಸೇರಲಿಲ್ಲ.

ಗುರುವಾರ ಮಂಗಳೂರಿನ ಆ ಆಸ್ಪತ್ರೆಗೆಂದು ಬಸ್ಸು ಹತ್ತಿದೆ. ಮೂಡುಬಿದಿರೆ ದಾಟಿತು. ತೋಡಾರಿನಲ್ಲಿ ಯಾರೋ ಇಳಿದರು, ಅವರ ಹಿಂದೆಯೇ ನಾನೂ ಇಳಿದೆ.

"ಮಾಷ್ಟ್ರೇ, ನಿಮ್ಮದು ಮಂಗಳೂರು ಅಲ್ವಾ?" ಎಂದರು ಕಂಡಕ್ಟರು.

"ಇಲ್ಲಿ ಸ್ವಲ್ಪ ಕೆಲಸ ಉಂಟು."

ಆ ಕೆಲಸವೆಂದರೆ, ಬಸ್ ಸ್ಟಾಪಿನ ಹಿಂದೆ ನಿಂತು ಜೆರಾಕ್ಸಿನವರಿಗೆ ಫೋನು ಮಾಡಿ ಜೋರು ಜ್ವರ ಎಂದು ಹೇಳುವುದು.

"ಅಯ್ಯೋ, ಮಲಗಿ ಮಾಷ್ಟ್ರೇ, ಓಡಾಡಬೇಡಿ," ಎಂದರು ಅವರು. "ನಮ್ಮದು ಮುಂದಿನ ವಾರ ಆದರೂ ಆಗ್ತದೆ."

ಆಗಲಿಲ್ಲ. ಬೇರೆ ರಕ್ತ ಹುಡುಕುವಷ್ಟರಲ್ಲಿ ಗುಳ್ಳೆಯೊಂದರಲ್ಲಿ ಮತ್ತೆ ಕೀವಾಗಿ, ನಂಜು ಮೈಗೆಲ್ಲ ಏರಿ, ಹತ್ತನೆಯ ದಿನ ಅವರು ಹೋದರು. ಶುಕ್ರವಾರವೇ ತೆಗೆದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲವಂತೆ. ಆ "ಇಲ್ಲವೋ" ಎಂಬುದನ್ನು ನಾನು ಎಷ್ಟು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದೆ... ನಾನು ಅವರ ಮಣ್ಣಿಗೆ ಹೋದ ದಿನ ಅಂಗಡಿ ಮುಚ್ಚಿತ್ತು. ಗಾಜಿನಲ್ಲಿ ನಾನು ಚೆಂಡು ಹಿಡಿದು ನಗುತ್ತಿದ್ದೆ, ನೆಟ್ಟಗೆ.

ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಳೆದ ವಾರ ಅವರ ಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಅದು ಇದು ಮಾತಾಡಿ, ಸೊಂಟದ ಹತ್ತಿರ ಕೈಯಿಟ್ಟು, "ಅವರಿಗೆ ಅಂತ ಇದ್ದದ್ದು ನನ್ನಲ್ಲೇ ಉಳಿಯಿತು ನೋಡಿ," ಎಂದರು. ಮತ್ತೆ, "ಕೊನೆಗೂ ನಿಮ್ಮನ್ನೇ ಕೇಳ್ತಿದ್ದರು, ಮಾಷ್ಟ್ರಿಗೆ ಜ್ವರ ಬಿಟ್ಟಿತಾ ಅಂತ."

ಹೇಳಿಬಿಡುವ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸೊಂದು ಬಂತು. ಅದು ನನ್ನ ಬಸ್ಸಾಗಿರಲಿಲ್ಲ. ಹತ್ತಿ ಕುಳಿತೆ.