ಉದ್ಯಾಪನೆಯಿಲ್ಲದ ವ್ರತ

ರಕ್ತದ ಒತ್ತಡವೆಂಬ ಕಾಯಿಲೆಯನ್ನು ನಲವತ್ತೆಂಟೇ ದಿನಗಳಲ್ಲಿ ಮುಗಿಸಿ, ಅದಕ್ಕೆ ಮಂಗಳಾರತಿ ಎತ್ತಿ, ಹೋಳಿಗೆ ಊಟ ಹಾಕಿಸಿದವನು ಇಡೀ ತುಮಕೂರಿನಲ್ಲಿ ನಾನೊಬ್ಬನೇ ಇರಬೇಕು. ಹೆಮ್ಮೆಯಿಂದ ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಕಲಿಸಿದವನು ಅಂಥ ತಪ್ಪು ಲೆಕ್ಕ ಮಾಡಬಾರದಿತ್ತು ಎಂದು ಒಪ್ಪಿಕೊಳ್ಳುತ್ತಿದ್ದೇನೆ, ಅಷ್ಟೆ.

ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬಂದಿದ್ದ ಕಾಲ. ಉಪ್ಪನ್ನು ಯಾವುದರಲ್ಲಿ ಅಳೆಯಬೇಕೆಂದು ಊರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ನನಗೆ ಉಪ್ಪೇ ಕಡಿಮೆ ಮಾಡಬೇಕೆಂದು ಹೇಳಲಾಯಿತು. ಹೇಳಿದವರು ಕುಣಿಗಲ್ ಕಡೆಯಿಂದ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ತಲೆನೋವೆಂದು ಹೋದವನ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಬುಡ್ಡೆ ಒತ್ತಿ ಪಾದರಸ ಏರಿಸಿದರು. ಅದು ಎಲ್ಲಿಗೆ ಹೋಗಿ ನಿಂತಿತೆಂದು ನನಗೆ ಹೇಳಲಿಲ್ಲ. ಅವರ ಹುಬ್ಬು ಎಲ್ಲಿಗೆ ಹೋಯಿತೆಂದು ಮಾತ್ರ ನಾನು ಕಂಡೆ.

"ಮನೇಲಿ ಯಾರಿಗಾದ್ರೂ ಲಕ್ವ ಹೊಡೆದಿದೆಯಾ ಮೇಷ್ಟ್ರೇ?"

ಹೊಡೆದಿತ್ತು. ನಿಟ್ಟೂರಿನಲ್ಲಿರುವ ನನ್ನ ಅಣ್ಣನಿಗೆ ಹಿಂದಿನ ವರ್ಷ ಬಲಗೈ ಬಿದ್ದುಹೋಗಿತ್ತು. ಒಂದು ಕಾಲಕ್ಕೆ ಪಂಕ್ತಿಯ ನಡುವೆ ಕೂತು ಇಡೀ ಪಂಕ್ತಿಯನ್ನು ನಗಿಸುತ್ತಿದ್ದ ಮನುಷ್ಯ, ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು, ಎಲ್ಲರೂ ಎದ್ದ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನನ್ನ ಜೀವನವಾದರೋ ಬಲಗೈಯಲ್ಲಿ ಹಿಡಿದ ಸೀಮೆಸುಣ್ಣದ ಮೇಲೆ ನಿಂತಿತ್ತು.

"ನೀವೂ ಅದೇ ದಾರೀಲಿದೀರ," ಎಂದರು ಡಾಕ್ಟರು. "ಉಪ್ಪು ಕಮ್ಮಿ ಮಾಡಿ. ನಶ್ಯ ಬಿಡಿ. ದಿನಾ ನಡೀರಿ. ಈ ಮಾತ್ರೆ ತಪ್ಪಿಸ್ಬೇಡಿ. ನಾನು ನಿಮ್ಮನ್ನ ತಿಂಗಳಿಗೊಂದ್ಸಲ ನೋಡ್ತೀನಿ, ಮಿಕ್ಕ ದಿನವೆಲ್ಲ ನಿಮಗೆ ನೀವೇ ಡಾಕ್ಟ್ರು. ನಮ್ಮೂರ ಕುದುರೆ ಫಾರಮ್ಮಲ್ಲಿ ಕುದುರೆಗಳಿಗೇ ಮೇವು ಅಳೆದು ಹಾಕಿ ದಿನಾ ನಡೆಸ್ತಾರೆ. ಮೇಷ್ಟ್ರಿಗೆ ಅಷ್ಟೂ ಆಗಲ್ವಾ?"

ಆಗುತ್ತದೆ ಎಂದೆ. ಎಷ್ಟು ದಿನ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಸಿದ್ಧವಾಗಿತ್ತು. "ಒಂದು ಮಂಡಲ ಹಿಡೀರಿ," ಎಂದಳು ನನ್ನ ಹೆಂಡತಿ. "ನಲವತ್ತೆಂಟು ದಿನ ನಿಷ್ಠೆಯಿಂದ ಮಾಡಿದ್ರೆ ಎಂಥದ್ದೂ ಬಗ್ಗುತ್ತೆ."

ನಿಷ್ಠೆಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಒಳ್ಳೆಯ ದಿನ ನೋಡಿ ಸಂಕಲ್ಪ ಮಾಡಿದೆ. ನಶ್ಯದ ಡಬ್ಬಿ ಬೀರು ಸೇರಿತು. ಎಲೆಯ ತುದಿಯಲ್ಲಿ ಉಪ್ಪು ಬಡಿಸುವ ಜಾಗವನ್ನು ನಾನು ದಿನವೂ ಅಗಲಿದ ಬಂಧುವನ್ನು ನೆನೆದಂತೆ ನೋಡುತ್ತಿದ್ದೆ. ಉಪ್ಪಿಗಿಂತ ರುಚಿಯಿಲ್ಲ ಎಂದ ಹಿರಿಯರು ಅದನ್ನು ಬಿಟ್ಟು ನೋಡಿಯೇ ಹೇಳಿದ್ದಾರೆ. ನಡಿಗೆಯ ಕಷ್ಟ ಬೇರೆ ತೆರನಾದದ್ದು. ಊರಂಚಿನ ಉಪ್ಪಾರಹಳ್ಳಿಯಿಂದಾಚೆಗೆ ಮುಂಜಾನೆ ಬಯಲ ಕಡೆ ಹೊರಟವನ ಕೈಯಲ್ಲಿ ಚೊಂಬಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಬರಿಗೈಯಲ್ಲಿ ಬೀಸುಹೆಜ್ಜೆ ಹಾಕಿಕೊಂಡು ಹೋಗುವವನನ್ನು ಮಾತ್ರ ಊರು ಅನುಮಾನಿಸುತ್ತಿತ್ತು. "ಏನ್ ಮೇಷ್ಟ್ರೇ, ಇಷ್ಟೊತ್ಗೇ ಮನೇಲಿ ಜಗಳಾನಾ?" ಎಂದು ಹಾಲಿನವನು ಮರುಕದಿಂದ ಕೇಳಿದ. ಮೂರನೆಯ ದಿನದಿಂದ ನಾನೂ ಒಂದು ಖಾಲಿ ಚೊಂಬು ಹಿಡಿದು ಮಾನ ಉಳಿಸಿಕೊಂಡೆ.

ನಲವತ್ತೆಂಟನೆಯ ದಿನ ಉದ್ಯಾಪನೆ. ವ್ರತವೆಂದ ಮೇಲೆ ಮುಕ್ತಾಯದ ಪೂಜೆ ಆಗಲೇಬೇಕಲ್ಲ. ಮಾತ್ರೆಯ ಸೀಸೆಗೂ ಕುಂಕುಮ ಬಿತ್ತು. ಐದು ಜನ ಮುತ್ತೈದೆಯರು, ಅವರ ಗಂಡಂದಿರು, ಹೋಳಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಎರಡು ಬಗೆಯ ಉಪ್ಪಿನಕಾಯಿ. ಅಂದು ನನ್ನೆಲೆಯ ತುದಿಗೆ ಉಪ್ಪು ಮರಳಿ ಬಂದಾಗ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಪಾಲೂ ಸ್ವಲ್ಪ ಇದ್ದೀತು. ಸೀಸೆ ದೇವರ ಗೂಡು ಸೇರಿತು, ಚೊಂಬು ಬಚ್ಚಲು ಸೇರಿತು, ನಶ್ಯದ ಡಬ್ಬಿ ಜೇಬಿಗೆ ಬಂತು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಡಲು ಕೋಟಿನ ಗುಂಡಿ ಹಾಕುತ್ತಿದ್ದೆ. ಗುಂಡಿ ಸಿಗಲಿಲ್ಲ. ಗುಂಡಿ ಇತ್ತು, ಬೆರಳುಗಳೇ ಇರಲಿಲ್ಲ. ಬಲಗೈ ಯಾರದೋ ಕೋಟಿನ ತೋಳಿನಿಂದ ಇಳಿಬಿದ್ದ ಹಾಗೆ ತೂಗುತ್ತಿತ್ತು. ಹೆಂಡತಿಯನ್ನು ಕೂಗಿದೆ, ಬಾಯಿಂದ ಬಂದದ್ದು ಯಾವ ಭಾಷೆಯೂ ಅಲ್ಲ.

"ಯಾಕ್ರೀ ಹಿಂಗ್ ಮಾತಾಡ್ತೀರಿ? ತಮಾಷೆ ಮಾಡ್ಬೇಡಿ, ನಂಗೆ ಭಯ ಆಗುತ್ತೆ," ಎಂದಳು. ನನಗೂ ಆಗುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಕಣ್ಣ ಮುಂದೆ ನಿಟ್ಟೂರಿನ ಗೋಡೆ ಬಂದು ನಿಂತಿತು.

ಜಟಕಾದಲ್ಲಿ ಅರ್ಧ ದಾರಿ ಹೋಗುವಷ್ಟರಲ್ಲಿ ಬೆರಳುಗಳು ಒಂದೊಂದಾಗಿ ಹಾಜರಾದವು. ಡಾಕ್ಟರ ಮುಂದೆ ಕೂತಾಗ ಮಾತೂ ಬಂದಿತ್ತು. ಬಾರದಿದ್ದರೆ ಒಳ್ಳೆಯದಿತ್ತು, ಉದ್ಯಾಪನೆಯ ವಿಷಯ ಹೇಳಬೇಕಾಗುತ್ತಿರಲಿಲ್ಲ.

ಅವರು ನಗಲಿಲ್ಲ. "ಕಾಯಿಲೆಗೆ ಊಟ ಹಾಕಿದ್ರಿ, ಸರಿ. ಅದು ಉಂಡು ಹೋಗುತ್ತೆ ಅಂತ ಯಾರು ಹೇಳಿದ್ರು ಮೇಷ್ಟ್ರೇ? ಇವತ್ತು ಬಂದಿದ್ದು ಬರೀ ನೋಟಿಸು. ಮುಂದಿನ ಸಲ ವಾರಂಟೇ ಬರುತ್ತೆ."

"ಹಂಗಾದ್ರೆ ಎಷ್ಟು ದಿನ ಮಾಡ್ಬೇಕು ಡಾಕ್ಟ್ರೇ?" ಎಂದು ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಹೆಂಡತಿ ಕೇಳಿದಳು.

"ಹಲ್ಲು ಎಷ್ಟು ದಿನ ಉಜ್ತೀರಮ್ಮ?"

ಶಾಸ್ತ್ರಜ್ಞರು ಕರ್ಮದಲ್ಲಿ ಕಾಮ್ಯ, ನಿತ್ಯ ಎಂದು ಭೇದ ಮಾಡುತ್ತಾರೆ. ಕಾಮ್ಯಕ್ಕೆ ಫಲವುಂಟು, ಮುಕ್ತಾಯವುಂಟು, ಊಟವೂ ಉಂಟು. ನಿತ್ಯಕ್ಕೆ ಇದು ಯಾವುದೂ ಇಲ್ಲ. ಮಾಡಿದರೆ ಹೇಳಿಕೊಳ್ಳುವಂಥ ಪುಣ್ಯವಿಲ್ಲ, ಬಿಟ್ಟರೆ ಮಾತ್ರ ದೋಷ. ಚಿಕ್ಕಂದಿನಲ್ಲಿ ಇದೆಂಥ ಅನ್ಯಾಯದ ವ್ಯವಹಾರವಪ್ಪಾ ಎಂದುಕೊಂಡಿದ್ದೆ. ರಕ್ತದ ಒತ್ತಡ ಬಂದ ಮೇಲೆ ಅರ್ಥವಾಯಿತು: ದಿನವೂ ಮಾತ್ರೆ ನುಂಗಿ, ಸಪ್ಪೆ ಉಂಡು, ನಡೆದು ಬಂದದ್ದಕ್ಕೆ ಸಿಗುವ ಫಲವೆಂದರೆ ಅಂದು ಏನೂ ಆಗದಿರುವುದು. ಏನೂ ಆಗದ ದಿನಕ್ಕೆ ಯಾರೂ ಆರತಿ ಎತ್ತುವುದಿಲ್ಲ.

ಅಂದಿನಿಂದ ಮಾತ್ರೆಯ ಸೀಸೆ ದೇವರ ಗೂಡಿನಿಂದ ಇಳಿದು ಹಲ್ಲುಪುಡಿಯ ಪಕ್ಕ ಕೂತಿದೆ. ನಶ್ಯದ ಡಬ್ಬಿಯಲ್ಲಿ ಏಲಕ್ಕಿಯಿದೆ. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ ಸಪ್ಪೆಮುಖದಿಂದ ಏಲಕ್ಕಿ ತರುತ್ತದೆ. ಎಡವಿದ್ದೂ ಉಂಟು. ಕಡಬದ ಒಂದು ಮದುವೆಯಲ್ಲಿ ಮಾವಿನಮಿಡಿ ನನ್ನನ್ನು ಪೂರ್ತಿಯಾಗಿ ಸೋಲಿಸಿತು. ವ್ರತವಾಗಿದ್ದರೆ ಭಂಗವಾಯಿತೆಂದು ಕೈಬಿಡುತ್ತಿದ್ದೆ. ಒಂದು ದಿನ ಹಲ್ಲುಜ್ಜಲಿಲ್ಲವೆಂದು ಮರುದಿನವೂ ಬಿಡುವವರಿಲ್ಲವಲ್ಲ. ಬೆಳಿಗ್ಗೆ ಎದ್ದು ಚೊಂಬು ಹಿಡಿದೆ.

ಕಳೆದ ಭಾನುವಾರ ರೈಲಿನಲ್ಲಿ ನಿಟ್ಟೂರಿಗೆ ಹೋಗಿದ್ದೆ. ಊಟಕ್ಕೆ ಕರೆದಾಗ ಅಣ್ಣ ಎಂದಿನಂತೆ ಹಿಂದೆ ಉಳಿದ. ನಾನೂ ಉಳಿದೆ. ಎಲ್ಲರೂ ಎದ್ದ ಮೇಲೆ ಗೋಡೆಯ ಪಕ್ಕ ಅವನ ಎಲೆಯ ಜೊತೆಗೇ ನನ್ನದನ್ನೂ ಹಾಕಿಸಿಕೊಂಡು, ನನಗೆಂದು ತೆಗೆದಿಟ್ಟಿದ್ದ ಉಪ್ಪಿಲ್ಲದ ಹುಳಿ ತರಿಸಿದೆ. ಒಂದು ತುತ್ತು ಬಾಯಿಗಿಟ್ಟು, ಅಭ್ಯಾಸದಂತೆ ಮುಖ ಹಿಂಡಿದೆ.

ಅಣ್ಣ ನೋಡುತ್ತಿದ್ದ. ಅವನ ಮಾತು ಈಗ ನಿಧಾನ, ಒಂದೊಂದನ್ನೂ ಎತ್ತಿಡುತ್ತಾನೆ. "ಸಪ್ಪೆ ಅಂತ ಮುಖ ಹಿಂಡ್ತೀಯಲ್ಲೋ ಪೆದ್ದ. ಬಲಗೈಲಿ ಉಣ್ತಿದೀಯ ಕಣೋ, ಉಣ್ಣು."

ಉಂಡೆ. ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ. ಅಣ್ಣನೂ ತನ್ನೆಲೆಯ ತುದಿಯ ಉಪ್ಪನ್ನು ಎಡಗೈಯಿಂದ ಮೆಲ್ಲಗೆ ಆಚೆಗೆ ಸರಿಸಿ, "ನಂಗೂ ಅದನ್ನೇ ಹಾಕಮ್ಮ," ಎಂದು ಬಡಿಸುತ್ತಿದ್ದ ಸೊಸೆಗೆ ಹೇಳಿದ. ಕಾಪಾಡಿಕೊಳ್ಳಲು ಅವನಿಗೂ ಇನ್ನೊಂದು ಕೈ ಉಳಿದಿದೆಯಲ್ಲ.